ಚನ್ನಬಸವ್ವನ ಇಂಜಿನ್

ನನ್ನ ಹೆಂಡತಿ ಚನ್ನಬಸವ್ವ ಲಿಂಗೈಕ್ಯಳಾಗಿ ಹತ್ತು ತಿಂಗಳು ಕಳೆದಿದ್ದವು. ಒಂದು ರವಿವಾರ ಮುಂಜಾನೆ ನಾನು ಲಿಂಗಪೂಜೆ ಮುಗಿಸಿ ಹೊರಗೆ ಬರುವಷ್ಟರಲ್ಲಿ ನನ್ನ ಮಗಳು ಉಮಾಶ್ರೀ ಗಿರಣಿಯ ಶಟರ್ ಎತ್ತಿಸಿ, ಗುಜರಿಯವನನ್ನು ಒಳಗೆ ಕರೆತಂದಿದ್ದಳು. ಅವನು ಇಂಜಿನ್ನಿನ ಹೊಟ್ಟೆಯನ್ನು ಬೆರಳಿನ ಗೆಣ್ಣಿನಿಂದ ಬಡಿದು ಕಿವಿಗೊಟ್ಟು ಕೇಳುತ್ತಿದ್ದನು.

“ಅದನ್ನ ಮುಟ್ಟಬ್ಯಾಡಪಾ,” ಎಂದೆ.

“ಅಪ್ಪಾ, ನಿನ್ನೆ ಹೂಂ ಅಂದಿದ್ರಿ,” ಎಂದಳು ಉಮಾಶ್ರೀ.

“ನಿನ್ನೆ ಅಂದಿದ್ದೆ. ನಿನ್ನೆ ಇವ ಅದರ ಹೊಟ್ಟಿ ಬಡದಿದ್ದಿಲ್ಲ.”

ನಮ್ಮ ಮನೆ ಕಮರಿಪೇಟೆಯ ಒಂದು ಓಣಿಯಲ್ಲಿದೆ. ಮನೆಯ ಮುಂಭಾಗವೇ ಗಿರಣಿ. ನಾನು ಕನ್ನಡ ಸಾಲೆಯಲ್ಲಿ ಮಾಸ್ತರನಾಗಿದ್ದೆ. ಚನ್ನಬಸವ್ವ ಮೂವತ್ತೆರಡು ವರ್ಷ ಈ ಹಿಟ್ಟಿನ ಗಿರಣಿ ನಡೆಸಿದಳು. ಊರಲ್ಲಿ ಎಲ್ಲರೂ ಕರೆಂಟಿನ ಮೋಟಾರು ಹಾಕಿಸಿಕೊಂಡರೂ ಅವಳು ತನ್ನ ಡೀಸೆಲ್ ಇಂಜಿನ್ ಬಿಡಲಿಲ್ಲ. “ಕರೆಂಟ್ ಅಂದ್ರ ತವರಿಗೆ ಹೋದ ಸೊಸಿ ಇದ್ದಂಗ, ಬಂದಾಗ ಬಂದ್ಲು,” ಎನ್ನುತ್ತಿದ್ದಳು. ಮುಂಜಾನೆ ಏಳಕ್ಕೆ ಇಂಜಿನ್ನಿಗೆ ಮೂರು ಬೆರಳ ವಿಭೂತಿ ಎಳೆದು, ಹ್ಯಾಂಡಲ್ ತಿರುವಿ ಚಾಲೂ ಮಾಡಿ, ಹೊಗೆಯ ಕೊಳವೆಯ ಬಾಯಿಗೆ ಒಂದು ಹಿತ್ತಾಳೆಯ ಲೋಟ ಬೋರಲು ಹಾಕುತ್ತಿದ್ದಳು. ಲೋಟ ಕೊಳವೆಯ ಮೇಲೆ ಕುಣಿದು ‘ಟುಕ್ ಟುಕ್ ಟುಕ್’ ಎಂದು ಸದ್ದು ಮಾಡುತ್ತಿತ್ತು. ಅದು ಓಣಿಗೆಲ್ಲ ಕೇಳಿಸುವ ಕರೆ. ಆ ಸದ್ದು ಕೇಳಿದ ಹೆಂಗಸರು ಜೋಳದ ಡಬ್ಬಿ ತಂದು ಕಟ್ಟೆಯ ಮೇಲೆ ಸಾಲಾಗಿ ಇಟ್ಟು ಹೋಗುತ್ತಿದ್ದರು. ಮನುಷ್ಯರು ನಿಲ್ಲಬೇಕಾಗಿರಲಿಲ್ಲ. ಡಬ್ಬಿಗಳೇ ಪಾಳಿ ನಿಲ್ಲುತ್ತಿದ್ದವು.

ಅವಳು ಹೋದ ಮೇಲೆ ಆ ಸದ್ದೂ ನಿಂತಿತು.

ಉಮಾಶ್ರೀಯದು ತಪ್ಪು ಎಂದು ನಾನು ಹೇಳಲಾರೆ. ಅವಳು ವಿದ್ಯಾನಗರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ಗಿರಣಿಯ ಜಾಗದಲ್ಲಿ ಸಂಜೆ ಹುಡುಗಿಯರಿಗೆ ಟ್ಯೂಷನ್ ಹೇಳಬೇಕೆಂದು ಅವಳ ಆಸೆ. ದಿನಾ ಕಾಲೇಜಿನಿಂದ ಬಂದು ಆ ಮುಚ್ಚಿದ ಶಟರ್ ನೋಡುವುದು ಅವಳಿಗೆ ಆಗುತ್ತಿರಲಿಲ್ಲ. ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ.

“ಕಬ್ಬಿಣ ಕಬ್ಬಿಣನ ಅಪ್ಪಾ,” ಎಂದಳು. “ಅದನ್ನ ಇಟಗೊಂಡು ಏನ್ ಮಾಡ್ತೀರಿ ಹೇಳ್ರಿ?”

ಆಗ ನನ್ನ ಬಾಯಿಂದ ಒಂದು ಮಾತು ಬಂತು. ಅದನ್ನು ನಾನು ಯೋಚಿಸಿ ಆಡಿದ್ದಲ್ಲ. ಶಿವನೇ ಆಡಿಸಿದನೆಂದು ಈಗಲೂ ನಂಬಿದ್ದೇನೆ.

“ಫಿಯಾಟಿಗೆ ಹಾಕಸ್ತೇನಿ.”

ಗುಜರಿಯವನು ಮೊದಲು ನಕ್ಕನು. ಆಮೇಲೆ ಉಮಾಶ್ರೀಯ ಮುಖ ನೋಡಿ ಇಂಜಿನ್ನಿನಿಂದ ಕೈ ತೆಗೆದನು.

ಫಿಯಾಟಿನ ಕತೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಹಿತ್ತಲಿನಲ್ಲಿ ತಗಡಿನ ಪತ್ರಾಸು ಹೊದಿಸಿದ ಶೆಡ್ಡಿನಲ್ಲಿ ಒಂದು ಹಳೆಯ ಫಿಯಾಟ್ ಕಾರು ನಿಂತಿದೆ. ಕೆನೆ ಬಣ್ಣ, ದುಂಡು ದೀಪ, ಹಿಂದೆ ಸಣ್ಣ ರೆಕ್ಕೆಯಂಥ ಮೂಲೆಗಳು. ಅರಳೆ ವ್ಯಾಪಾರಿಯೊಬ್ಬರು ಅಂಗಡಿ ಮುಚ್ಚಿದಾಗ ಅದನ್ನು ನಾನು ಆಸೆಪಟ್ಟು ತಂದೆ. ಮನೆಯವರೆಗೆ ಅದು ಓಡಿಯೇ ಬಂತು. ಮುಂದಿನ ವಾರ ಅದರ ಇಂಜಿನ್ ಒಡೆಯಿತು. ಇಂದು ಮಾಡಿಸುತ್ತೇನೆ, ನಾಳೆ ಮಾಡಿಸುತ್ತೇನೆ ಎಂದು ಇಪ್ಪತ್ತೇಳು ವರ್ಷ ಕಳೆದೆ. ಪ್ರತಿ ದಸರೆಗೆ ಅದನ್ನು ತೊಳೆದು, ಹೂ ಏರಿಸಿ, ಮತ್ತೆ ಚಾದರ ಹೊದಿಸುತ್ತಿದ್ದೆ.

ಚನ್ನಬಸವ್ವ ನನ್ನನ್ನು ಬಿಡುತ್ತಿರಲಿಲ್ಲ. “ನಿಮ್ಮ ಗಾಡಿ ನೋಡಾಕ ಛಲೋ, ಹೊಟ್ಟ್ಯಾಗ ಏನೂ ಇಲ್ಲ. ನನ್ನ ಇಂಜಿನ್ ನೋಡಾಕ ಕರ್ರಗ, ಹೊಟ್ಟಿ ಗಟ್ಟಿ. ಎರಡೂ ಕೂಡಿಸಿದ್ರ ಒಂದು ಸಂಸಾರ ಆಕ್ಕೇತಿ ನೋಡ್ರಿ,” ಎನ್ನುತ್ತಿದ್ದಳು. ಇನ್ನೊಂದು ಮಾತೂ ಇತ್ತು. “ಧಾರವಾಡ ಬ್ಯಾಡ, ಉಳವಿ ಬ್ಯಾಡ. ಓಣಿ ತುದಿ ಬಸವಣ್ಣನ ಗುಡಿತನಕ ಒಮ್ಮೆ ಕುಂಡ್ರಿಸಿಕೊಂಡು ಹೋಗ್ರಿ. ಉಳವಿಗೆ ಹೋಗಿ ಬಂದ ಪುಣ್ಯ ಬಂತಂತ ತಿಳಕೋತೇನಿ.”

ಬಸವಣ್ಣನ ಗುಡಿ ನಮ್ಮ ಮನೆಯಿಂದ ಮುನ್ನೂರು ಹೆಜ್ಜೆ. ಆ ಮುನ್ನೂರು ಹೆಜ್ಜೆಯನ್ನು ನಾನು ಅವಳಿಗೆ ಕೊಡಲಿಲ್ಲ.

ಉಮಾಶ್ರೀ ಮಾಸ್ತರರ ಮಗಳಂತೆಯೇ ಲೆಕ್ಕ ಮಾಡಿ ಮಾತಾಡಿದಳು.

“ಅವ್ವನ ವರ್ಷದ ದಿನಕ್ಕ ಇನ್ನಾ ಎರಡು ತಿಂಗಳ ಐತಿ. ಅವತ್ತ ಆ ಗಾಡಿ ಈ ಇಂಜಿನ್ನಿನ ಮ್ಯಾಲೆ ಬಸವಣ್ಣನ ಗುಡಿ ಮುಟ್ಟಿದ್ರ, ಇಂಜಿನ್ ನಿಮ್ಮದು, ನಾ ಮತ್ತ ಮಾತಾಡಾಂಗಿಲ್ಲ. ಮುಟ್ಟಲಿಲ್ಲಂದ್ರ ಮರುದಿನ ಇವ ಬಂದು ಒಯ್ತಾನ. ಆಗ ಹೂಂ ಅಂದಿದ್ದೆ, ಬ್ಯಾಡ ಅಂದಿದ್ದೆ ಅನ್ನಬಾರದು.”

“ಓಣಿ ದಾಟೂದಿಲ್ಲ. ದೊಡ್ಡ ರಸ್ತಾಕ್ಕ ಒಯ್ಯೂದಿಲ್ಲ,” ಎಂದು ನಾನೇ ಮಾತು ಸೇರಿಸಿ, ಅವಳ ಕೈಮೇಲೆ ಕೈ ಇಟ್ಟೆ.

ಗುಜರಿಯವನು ಬರಿಗೈಯಲ್ಲಿ ಹೋಗಬಾರದೆಂದು ಒಂದು ಮುರುಕು ತಕ್ಕಡಿ, ಎರಡು ಕಬ್ಬಿಣದ ಕುರ್ಚಿ ಒಯ್ದನು. ಬೀಸುವ ಕಲ್ಲುಗಳನ್ನು ಕಾಲಿನಿಂದ ಮುಟ್ಟಿ, “ಕಲ್ಲು ಯಾರ್ ತಗೋತಾರ್ರೀ,” ಎಂದು ಬಿಟ್ಟುಹೋದನು. ಇಂಜಿನ್ನಿನಿಂದ ಕಲ್ಲಿಗೆ ಹಾಕುವ ಬೆಲ್ಟಿನ ಪಟ್ಟಾ ಗೂಟಕ್ಕೆ ಸುತ್ತಿ ತೂಗುಹಾಕಿತ್ತು, ಅದು ಅವನ ಕಣ್ಣಿಗೆ ಬೀಳಲಿಲ್ಲ.

ಗೋಕುಲ ರಸ್ತೆಯಲ್ಲಿ ಗ್ಯಾರೇಜು ಇಟ್ಟಿರುವ ಗೌಸಮೊದ್ದೀನ ನನ್ನ ಹಳೆಯ ವಿದ್ಯಾರ್ಥಿ. ಅವನ ಮನೆ ನಮ್ಮ ಓಣಿಯಲ್ಲೇ. ಈಗ ಅವನಿಗೆ ಐವತ್ತು ದಾಟಿದೆ, ಗಡ್ಡ ನೆರೆತಿದೆ. ಆದರೂ ನನ್ನೆದುರು ಕೂರುವಾಗ ಇನ್ನೂ ಮಗ್ಗಿ ಕೇಳಿಬಿಟ್ಟಾರೆಂಬ ಹಾಗೆ ಕುರ್ಚಿಯ ತುದಿಯಲ್ಲಿ ಕೂರುತ್ತಾನೆ. ಅವನು ಬಂದು ಇಂಜಿನ್ನಿನ ಸುತ್ತ ಒಂದು ಸುತ್ತು ಹಾಕಿದನು. ಹಿತ್ತಲಿಗೆ ಹೋಗಿ ಫಿಯಾಟಿನ ಸುತ್ತ ಒಂದು ಸುತ್ತು ಹಾಕಿದನು. ತಿರುಗಿ ಬಂದು ಟೋಪಿ ತೆಗೆದು ತಲೆ ಕೆರೆದುಕೊಂಡನು.

“ಮಾಸ್ತರ, ಮಂದಿ ಹಳೇ ಗಾಡಿಗೆ ಹೊಸಾ ಇಂಜಿನ್ ಹಾಕಸ್ತಾರ. ನೀವು ಹಳೇ ಗಾಡಿಗೆ ಅದರ ಮುತ್ಯಾನ ಇಂಜಿನ್ ಹಾಕು ಅಂತೀರಿ. ನನ್ನ ಕಡೆ ಒಂದು ಛಲೋ ಪೆಟ್ರೋಲ್ ಇಂಜಿನ್ ಬಿದ್ದೈತಿ. ಎರಡು ದಿನದಾಗ ಕುಂಡ್ರಸ್ತೇನಿ, ಧಾರವಾಡಕ್ಕ ಹೋಗಿ ಪೇಢೆ ತಗೊಂಡು ಬರ್ರಿ.”

“ಪೇಢೆ ಬ್ಯಾಡ. ಇದ ಬೇಕು.”

“ಇದು ಗಾಡಿ ಇಂಜಿನ್ ಅಲ್ಲರಿ. ಒಂದ ಸಿಲಿಂಡರ್. ಗಾಡಿ ಓಡೂದಿಲ್ಲ, ಗಡಗಡ ನಡಗತೈತಿ.”

“ನಡಗಲಿ. ನನಗೂ ಎಪ್ಪತ್ನಾಲ್ಕು.”

ಅವನು ನಕ್ಕು, ಬಗ್ಗಿ ಇಂಜಿನ್ನನ್ನು ಮತ್ತೊಮ್ಮೆ ನೋಡಿದನು. ಅದಕ್ಕೆ ಎಡಕ್ಕೊಂದು ಬಲಕ್ಕೊಂದು ಭಾರದ ಗಾಲಿ. ಒಂದು ಕಡೆ ಪಟ್ಟಾ ಹಾಕುವ ಸಣ್ಣ ಗಾಲಿಯೂ ಇದೆ. ಇನ್ನೊಂದು ಕಡೆ ಹ್ಯಾಂಡಲ್ ಹಾಕಿ ತಿರುವುವ ಜಾಗ.

“ಇದರ ಸ್ವಭಾವ ನಿಮಗ ಗೊತ್ತೈತೇನ್ರಿ?” ಎಂದು ಕೇಳಿದನು.

“ಮೂವತ್ತೆರಡು ವರ್ಷ ಇದರ ಮಗ್ಗಲದಾಗ ಇದ್ದೇನಿ. ಇದರ ನರ ನರ ಗೊತ್ತು,” ಎಂದೆ.

“ಹಂಗಾರ ಯಾವ ಕಡೆ ಗೇರ್‌ಬಾಕ್ಸಿಗೆ ಹಚ್ಚೂಣು?”

“ಪಟ್ಟಾದ ಕಡೆ. ಕಲ್ಲು ತಿರಗಸೂ ಶಕ್ತಿ ಆ ಕಡೆಯಿಂದನ ಬರ್ತಿತ್ತು.”

“ಹ್ಯಾಂಡಲ್ ಮುಂದ ಬರ್ತೈತಿ. ಛಲೋನ ಆತು.”

ನಾನು ಆ ಮಾತನ್ನು ಎಷ್ಟು ಧೈರ್ಯವಾಗಿ ಹೇಳಿದೆನೆಂದು ನೆನೆದರೆ ಈಗ ನಗು ಬರುತ್ತದೆ.

ಗೌಸ ದಿನಾ ಸಂಜೆ ಗ್ಯಾರೇಜು ಮುಚ್ಚಿ ಬಂದು ಎರಡು ತಾಸು ಕೆಲಸ ಮಾಡುತ್ತಿದ್ದನು. ರವಿವಾರ ಪೂರ್ತಿ ದಿನ. ದಪ್ಪ ಕಬ್ಬಿಣದ ತಗಡನ್ನು ಕೊರೆದು ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಸೇತುವೆ ಮಾಡಿದನು. ಭಾರ ತಡೆಯಲೆಂದು ಮುಂದಿನ ಗಾಲಿಗಳಿಗೆ ಸಾಮಾನು ಸಾಗಿಸುವ ಟೆಂಪೋದ ಸ್ಪ್ರಿಂಗು ಹಾಕಿದನು. ನಡುಕ ಕಡಿಮೆಯಾಗಲೆಂದು ಲಾರಿಯ ಟೈರು ಕತ್ತರಿಸಿ ಇಂಜಿನ್ನಿನ ಕಾಲಡಿ ಇಟ್ಟನು. ಇಂಜಿನ್ ಎತ್ತರವಾದ್ದರಿಂದ ಬಾನೆಟ್ ಮುಚ್ಚಲಿಲ್ಲ. ಅದಕ್ಕೆ ದೊಡ್ಡ ಕಿಂಡಿ ಕೊರೆದು, ಹೊಗೆಯ ಕೊಳವೆಯನ್ನು ಅದರೊಳಗಿಂದ ಮೇಲೆ ಎತ್ತಿ ನಿಲ್ಲಿಸಿದನು. ನನ್ನ ಕೆಲಸ ದೀಪ ಹಿಡಿಯುವುದು, ಬೋಲ್ಟು ಬಿಚ್ಚುವ ಪಾನಾ ಕೊಡುವುದು. ಹದಿನಾಲ್ಕರ ಪಾನಾ ಕೇಳಿದರೆ ಹದಿನೇಳು ಕೊಡುತ್ತಿದ್ದೆ.

“ಮಾಸ್ತರ, ನಾ ಹದಿನಾಲ್ಕರ ಮಗ್ಗಿ ತಪ್ಪಿದಾಗ ನೀವು ನನ್ನ ಬೆಂಚಿನ ಮ್ಯಾಲೆ ನಿಲ್ಲಸಿದ್ರಿ,” ಎಂದನು ಗೌಸ, ಗಾಡಿಯ ಕೆಳಗಿನಿಂದ. “ಇಲ್ಲಿ ಬೆಂಚಿಲ್ಲಂತ ಬಿಟ್ಟೇನಿ.”

ಅವನ ತಾಯಿ ಹಾಜರಾಬಿ ಸಂಜೆ ಚಹಾದ ಕೆಟಲಿ ಹಿಡಿದು ಬಂದು, ಹಿತ್ತಲಲ್ಲಿ ಬಿದ್ದಿದ್ದ ಹಳೆಯ ಬೀಸುವ ಕಲ್ಲಿನ ಮೇಲೆ ಕುಳಿತು ಎಲ್ಲವನ್ನೂ ನೋಡುತ್ತಿದ್ದಳು. ಅವಳಿಗೂ ಚನ್ನಬಸವ್ವನಿಗೂ ಒಂದೇ ವಯಸ್ಸು. ಗಿರಣಿಯ ಪಾಳಿಯಲ್ಲಿ ಅವಳ ಡಬ್ಬಿ ಯಾವಾಗಲೂ ಮೊದಲನೆಯದು. ಹೇಗೆ ಎಂದು ಯಾರೂ ಕಂಡುಹಿಡಿಯಲಿಲ್ಲ.

ಒಂದು ಸಂಜೆ ಇಂಜಿನ್ನಿನ ಗಾಳಿ ಸೋಸುವ ಡಬ್ಬಿ ಬಿಚ್ಚಿದಾಗ, ಅದರ ಮೂಲೆಯಲ್ಲಿ ಬಿಳಿ ಹಿಟ್ಟು ಗಟ್ಟಿಯಾಗಿ ಕೂತಿತ್ತು. ಹನ್ನೊಂದು ತಿಂಗಳ ಹಿಂದಿನ ಜೋಳದ ಹಿಟ್ಟು. ಗೌಸ ಒರೆಸಲು ಬಟ್ಟೆ ತೆಗೆದನು. ಅವನು ನನ್ನ ಮುಖ ನೋಡಿ, ಬಟ್ಟೆ ಹೆಗಲ ಮೇಲೆ ಹಾಕಿಕೊಂಡು, “ಈ ಮೂಲಿ ಇರಲಿ. ಇದರಿಂದ ಇಂಜಿನ್ನಿಗೇನೂ ಆಗಾಂಗಿಲ್ಲ,” ಎಂದು ಡಬ್ಬಿಯನ್ನು ಹಾಗೆಯೇ ಮುಚ್ಚಿದನು. ಹಾಜರಾಬಿ ಎದ್ದು ನನಗೆ ಇನ್ನೊಂದು ಕಪ್ ಚಹಾ ಹಾಕಿದಳು.

ವರ್ಷದ ದಿನಕ್ಕೆ ಎಂಟು ದಿನ ಇರುವಾಗ ಗಾಡಿ ಸಿದ್ಧವಾಯಿತು. ಸೋಮವಾರ ಮುಂಜಾನೆ ಎಲ್ಲರೂ ಕೂಡಿ ಅದನ್ನು ಓಣಿಗೆ ತಳ್ಳಿ ತಂದೆವು. ನಾನು ಇಂಜಿನ್ನಿಗೆ ವಿಭೂತಿ ಎಳೆದೆ. ಮುಂದಿನ ಗಾಲಿಗಳ ಎದುರಿಗೆ ಒಂದೊಂದು ನಿಂಬೆಹಣ್ಣು ಇಟ್ಟೆ. ಕಾಯಿ ಒಡೆದೆ. ಉಮಾಶ್ರೀ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಳು. ಗೌಸ ಹ್ಯಾಂಡಲ್ ಹಾಕಿ ಎರಡು ಸಲ ತಿರುವಿ, ಮೂರನೆಯ ಸಲಕ್ಕೆ ಜೋರಾಗಿ ತಿರುವಿ ಬಿಟ್ಟನು. ಇಂಜಿನ್ ಒಮ್ಮೆ ಕೆಮ್ಮಿತು, ಮತ್ತೊಮ್ಮೆ ಕೆಮ್ಮಿತು, ಆಮೇಲೆ ಚಾಲೂ ಆಯಿತು. ನಾನು ಹಿತ್ತಾಳೆಯ ಲೋಟವನ್ನು ಕೊಳವೆಯ ಮೇಲೆ ಬೋರಲು ಹಾಕಿದೆ.

ಟುಕ್ ಟುಕ್ ಟುಕ್.

ಓಣಿಯಲ್ಲಿ ಮೊದಲು ಒಂದು ಬಾಗಿಲು ತೆರೆಯಿತು. ಆಮೇಲೆ ನಾಲ್ಕು. ಸ್ವಲ್ಪ ಹೊತ್ತಿನಲ್ಲಿ ಆರು ಜನ ಹೆಂಗಸರು ಜೋಳದ ಡಬ್ಬಿ ಸೊಂಟಕ್ಕೆ ಆತುಕೊಂಡು ಬಂದರು. ಸದ್ದು ನಿಂತು ವರ್ಷವಾಗುತ್ತ ಬಂದಿತ್ತು, ಆದರೆ ಮೂವತ್ತೆರಡು ವರ್ಷದ ರೂಢಿ ಬಿಟ್ಟಿರಲಿಲ್ಲ. ಬಂದವರು ಗಾಡಿ ನೋಡಿ ಬಾಯಿಗೆ ಸೆರಗು ಹಿಡಿದುಕೊಂಡರು. ಆದರೂ ಕೈಯಲ್ಲಿದ್ದ ಡಬ್ಬಿಯನ್ನು ಎಲ್ಲಾದರೂ ಇಡಬೇಕಲ್ಲ. ಗಾಡಿಯ ಹಿಂದೆ ಸಾಲಾಗಿ ಇಟ್ಟರು.

ಗೌಸ ಒಳಗೆ ಕೂತು, “ಬಿಸ್ಮಿಲ್ಲಾ,” ಎಂದು ಮೊದಲ ಗೇರ್ ಹಾಕಿ ಕ್ಲಚ್ ಬಿಟ್ಟನು. ಗಾಡಿ ಹಿಂದಕ್ಕೆ ಹೋಯಿತು.

ಮೂರು ಡಬ್ಬಿ ಉರುಳಿದವು. ಜೋಳ ಓಣಿಯ ತುಂಬ ಚೆಲ್ಲಿತು. ಗೌಸ ಬ್ರೇಕು ಒತ್ತಿ, ಗೇರ್ ತೆಗೆದು, ತನ್ನ ಕೈಯನ್ನು ನೋಡಿಕೊಂಡು, ಮತ್ತೆ ಮೊದಲ ಗೇರ್ ಹಾಕಿದನು. ಗಾಡಿ ಮತ್ತೆ ಹಿಂದಕ್ಕೆ ಹೋಗಿ ನಾಲ್ಕನೆಯ ಡಬ್ಬಿ ಉರುಳಿಸಿತು. ಮುಂದೆ ಇಟ್ಟ ನಿಂಬೆಹಣ್ಣುಗಳು ಇಟ್ಟ ಹಾಗೇ ಇದ್ದವು.

“ಯಾಕ ಗೌಸೂ, ಗಾಡಿಗೆ ನಾಚಿಕಿ ಆತೇನು?” ಎಂದಳು ಹಾಜರಾಬಿ.

ಗೌಸ ರಿವರ್ಸ್ ಗೇರ್ ಹಾಕಿ ನೋಡಿದನು. ಗಾಡಿ ಒಂದು ಮಾರು ಮುಂದಕ್ಕೆ ಬಂತು. ಅವನು ಇಂಜಿನ್ ಬಂದ್ ಮಾಡಿ ಇಳಿದನು.

“ಹಿಂದಕ್ಕ ಹೋಗಾಕ ನಾಲ್ಕು ಗೇರ್, ಮುಂದಕ್ಕ ಬರಾಕ ಒಂದು. ಯಾವದಾರ ಸರಕಾರಿ ಆಫೀಸಿಗೆ ಕೊಟ್ಟುಬಿಡ್ರಿ ಮಾಸ್ತರ, ಹೊಂದತೈತಿ.” ಆಮೇಲೆ ದನಿ ತಗ್ಗಿಸಿ, “ಇಂಜಿನ್ ಉಲ್ಟಾ ತಿರಗತೈತಿ. ನರ ನರ ಗೊತ್ತಂದಿದ್ರಿ,” ಎಂದನು.

“ಉಲ್ಟಾ ಹೆಂಗ? ಇದ ಇಂಜಿನ್ ಮೂವತ್ತೆರಡು ವರ್ಷ ಕಲ್ಲು ಸರಿಯಾಗಿ ತಿರಗಸಿತಲ್ಲಾ?”

ಹಾಜರಾಬಿ ಕೂತು ಜೋಳ ಬಳಿಯುತ್ತಿದ್ದಳು. ಅಲ್ಲಿಂದಲೇ ತಲೆ ಎತ್ತಿ ಹೇಳಿದಳು.

“ಚನ್ನವ್ವಕ್ಕ ಪಟ್ಟಾ ಅಡ್ಡ ಹಾಕ್ತಿದ್ಲಲ್ಲರಿ. ಇಂಗ್ಲೀಷ ಎಂಟು ಇದ್ದಂಗ.”

ನಾನು ಅವಳ ಮುಖ ನೋಡಿದೆ.

“ಇಂಜಿನ್ ಬಂದ ದಿನ ನಂದ ಮೊದಲ ಪಾಳಿ,” ಎಂದು ಅವಳು ಮುಂದುವರಿಸಿದಳು. “ಅಕ್ಕ ಪಟ್ಟಾ ನೆಟ್ಟಗ ಹಾಕಿ ಚಾಲೂ ಮಾಡಿದ್ಲು. ಕಲ್ಲು ಉಲ್ಟಾ ತಿರಗಿ ನನ್ನ ಜ್ವಾಳ ಎಲ್ಲಾ ಹಂಗಿಂದಂಗ ಹೊರಗ ಉಗುಳಿತು. ನಾ ಅಳೂದೊಂದ ಬಾಕಿ. ಅಕ್ಕ ಬಂದ್ ಮಾಡಿ, ಸೊಂಟದ ಮ್ಯಾಲೆ ಕೈ ಇಟಗೊಂಡು ಒಂದು ಗಳಿಗಿ ನೋಡಿದ್ಲು. ಆಮ್ಯಾಲೆ ಪಟ್ಟಾ ತಗದು ನಡಬರಕ ತಿರುವಿ ಅಡ್ಡ ಹಾಕಿದ್ಲು. ಕಲ್ಲು ಸರಿ ತಿರಗಿತು. ಮುಗೀತಲ್ಲ. ಅವತ್ತಿಂದ ಹಂಗ ಇತ್ತು.”

“ನಾ ಎಲ್ಲಿದ್ದೆ ಅವತ್ತ?”

“ನೀವು ಮಠಕ್ಕ ಪುರಾಣ ಕೇಳಾಕ ಹೋಗಿದ್ರಿ.”

ನಾನು ಕಟ್ಟೆಯ ಮೇಲೆ ಕುಳಿತೆ. ಎದುರಿಗೆ ಗೂಟದಲ್ಲಿ ಪಟ್ಟಾ ತೂಗುತ್ತಿತ್ತು. ದಿನಕ್ಕೆ ನಾಲ್ಕು ಸಲ ಆ ಪಟ್ಟಾದ ಪಕ್ಕದಲ್ಲಿ ಹಾದು ಸಾಲೆಗೆ ಹೋಗಿದ್ದೇನೆ, ಬಂದಿದ್ದೇನೆ. ಅದು ನಡುವೆ ಅಡ್ಡ ಹಾಯ್ದಿದ್ದನ್ನು ಒಮ್ಮೆಯೂ ನೋಡಲಿಲ್ಲ. ಮಕ್ಕಳಿಗೆ ಕಣ್ಣುಬಿಟ್ಟು ಓದಿರೆಂದು ಹೇಳಿದ ಮಾಸ್ತರ ನಾನು. ನನ್ನ ಮನೆಯ ಮುಂಬಾಗಿಲಲ್ಲಿ ಬರೆದಿದ್ದ ಅಂಕಿಯನ್ನು ನಾನು ಓದಲಿಲ್ಲ.

ಆಗ ಬಾಗಿಲಲ್ಲಿ ನಗುವ ಸದ್ದು ಕೇಳಿತು. ಉಮಾಶ್ರೀ ನಗುತ್ತಿದ್ದಳು. ಚನ್ನಬಸವ್ವ ಹೋದಾಗಿನಿಂದ ನಾನು ಅವಳ ನಗು ಕೇಳಿರಲಿಲ್ಲ.

“ನಾನೂ ನೋಡಿಲ್ಲಪ್ಪಾ,” ಎಂದಳು. “ವರ್ಷಾ ವರ್ಷಾ ಇದನ್ನ ಹಲಗಿ ಮ್ಯಾಲೆ ಬರದು ಕಲಸ್ತೇನಿ. ಅಡ್ಡ ಪಟ್ಟಾ ಹಾಕಿದ್ರ ತಿರುಗೂ ದಿಕ್ಕು ಬದಲಾಗತೈತಿ ಅಂತ. ನಮ್ಮವ್ವ ಮನ್ಯಾಗ ದಿನಾ ತೋರಸಾಕತ್ತಿದ್ಲು.”

ಅವಳು ಇಳಿದು ಬಂದು ಹಾಜರಾಬಿಯ ಪಕ್ಕದಲ್ಲಿ ಕೂತು ಜೋಳ ಬಳಿಯತೊಡಗಿದಳು. ಆದರೆ ಮಾತು ಸಡಿಲಿಸಲಿಲ್ಲ. “ಎಂಟು ದಿನ ಉಳದಾವು,” ಎಂದಳು.

ಗೌಸ ಒಂದು ಉಪಾಯ ಹೇಳಿದನು. “ಮಾಸ್ತರ, ಮುನ್ನೂರು ಹೆಜ್ಜಿ. ಗಾಡಿ ಹಿಂದ ಮುಂದ ಮಾಡಿ ನಿಲ್ಲಸೂಣು. ಮೊದಲ ಗೇರಿನ್ಯಾಗ ಹಿಂದಕ್ಕ ಹಿಂದಕ್ಕ ಹೋಗಿ ಗುಡಿ ಮುಟ್ಟಿದ್ರ ಮುಟ್ಟಿದಂಗ ಆತಲ್ಲ.”

“ದೇವರ ಕಡೆ ಬೆನ್ನು ಮಾಡಿ ಹೋಗೂದೇನೋ? ಯಾರರ ಹೋಗ್ತಾರ?”

“ಹಂಗಾರ ರಿವರ್ಸ್ ಗೇರಿನ್ಯಾಗ ಮುಂದಕ್ಕ ಹೋಗ್ರಿ.”

“ಗುಡಿ ಮುಂದ ಏರು ಐತಿ. ಏರತೈತೇನು?”

ಗೌಸ ಸ್ವಲ್ಪ ಯೋಚಿಸಿ, “ಇಷ್ಟು ಭಾರಕ್ಕ ಆ ಗೇರಿನ ಹಲ್ಲು ಉದರತಾವು,” ಎಂದು ಒಪ್ಪಿಕೊಂಡನು.

ಅವನು ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಹಾಜರಾಬಿ ಕೊಟ್ಟ ಚಹಾ ಕುಡಿದು, ಕಪ್ಪನ್ನು ಕೈಯಲ್ಲಿ ತಿರುಗಿಸುತ್ತ ಕೂತನು. ಒಮ್ಮೆಲೇ ಕಪ್ಪನ್ನು ಹಿಂದು ಮುಂದಾಗಿ ಹಿಡಿದನು. ಈ ಕಡೆಯಿಂದ ನೋಡಿದರೆ ಎಡಕ್ಕೆ ತಿರುಗುವುದು ಆ ಕಡೆಯಿಂದ ನೋಡಿದರೆ ಬಲಕ್ಕೆ ತಿರುಗುತ್ತದೆ.

“ಇಂಜಿನ್ನಿಗೆ ಎರಡೂ ಕಡೆ ಗಾಲಿ ಅದಾವು,” ಎಂದನು. “ಇಡೀ ಇಂಜಿನ್ ಎತ್ತಿ ಹಿಂದ ಮುಂದ ಮಾಡಿ ಕುಂಡ್ರಿಸಿದ್ರ? ಹ್ಯಾಂಡಲ್ ಕಡೆ ಗೇರ್‌ಬಾಕ್ಸಿಗೆ, ಪಟ್ಟಾದ ಕಡೆ ಮುಂದ.”

“ಹ್ಯಾಂಡಲ್ ಎಲ್ಲಿ ಹಾಕೂದು?” ಎಂದು ಉಮಾಶ್ರೀ ಕೇಳಿದಳು.

“ಹಾಕಾಕ ಜಾಗಾ ಇಲ್ಲ. ದಬ್ಬಿ ಚಾಲೂ ಮಾಡಬೇಕು.”

“ಯಾರು ದಬ್ಬತಾರ?”

ಗೌಸ ಪಾನಾ ಎತ್ತಿಕೊಂಡು ಬಾನೆಟ್ಟಿನ ಕಡೆ ತಿರುಗಿದನು.

ಗೌಸ ಆ ವಾರ ಪೂರ್ತಿ ಗ್ಯಾರೇಜಿಗೆ ಹೋಗಲಿಲ್ಲ. ಮತ್ತೆ ಇಂಜಿನ್ ಎತ್ತಿದನು, ಮತ್ತೆ ತಗಡು ಕೊರೆದನು, ಮತ್ತೆ ಟೈರು ಕತ್ತರಿಸಿದನು. ಮುಂದಿನ ಜಾಳಿಗೆ ತೆಗೆದುಹಾಕಬೇಕಾಯಿತು. ಪಟ್ಟಾದ ಗಾಲಿ ಬಂಪರಿನ ಮೇಲೆ ಮೂಗಿನ ಹಾಗೆ ಹೊರಗೆ ಚಾಚಿತು. “ಇದನ್ನ ಬಿಚ್ಚಲೇನ್ರಿ?” ಎಂದು ಗೌಸ ಕೇಳಿದನು. “ಇರಲಿ, ಮೂಗುತಿ ಇದ್ದಂಗ ಕಾಣತೈತಿ,” ಎಂದಳು ಹಾಜರಾಬಿ. ಹಾಗೆಯೇ ಬಿಟ್ಟೆವು. ನಾನು ಈ ಸಲ ನರದ ಮಾತು ಎತ್ತಲಿಲ್ಲ. ಹದಿನಾಲ್ಕರ ಪಾನಾ ಕೇಳಿದರೆ ಅಂಕಿ ನೋಡಿ ಕೊಟ್ಟೆ. ಗಾಡಿ ಮುಗಿದಾಗ ವರ್ಷದ ಹಿಂದಿನ ದಿನದ ಸಂಜೆ. ಓಡಿಸಿ ನೋಡಲು ಹೊತ್ತು ಉಳಿಯಲಿಲ್ಲ.

ಮರುದಿನ ಬೆಳಿಗ್ಗೆ ಮನೆಯಲ್ಲಿ ಪೂಜೆಯಾಯಿತು. ಗುಡಿಯ ಪೂಜೆ ಮಾಡುವ ಅಯ್ಯನವರು ಪಾದೋದಕ ಕೊಟ್ಟು ತಿರುಗಿ ಗುಡಿಗೆ ಹೋದರು. ಚನ್ನಬಸವ್ವ ಸೋಮವಾರ ಸೋಮವಾರ ಗುಡಿಯ ದಾಸೋಹಕ್ಕೆ ಒಂದು ಡಬ್ಬಿ ಕೊಡುತ್ತಿದ್ದಳು. ಅದೇ ಡಬ್ಬಿಗೆ ಜೋಳ ತುಂಬಿ ಫಿಯಾಟಿನ ಮುಂದಿನ ಸೀಟಿನ ಮೇಲೆ, ನನ್ನ ಎಡಕ್ಕೆ ಇಟ್ಟೆ. ನಾನೇ ಓಡಿಸಬೇಕೆಂದು ಗೌಸ ಹೇಳಿದನು. ನಾನು ಸ್ಟಿಯರಿಂಗ್ ಹಿಡಿದು ಇಪ್ಪತ್ತೇಳು ವರ್ಷವಾಗಿತ್ತು. ಅವನು ಬಾನೆಟ್ಟಿನ ಪಕ್ಕದಲ್ಲಿ ನಡೆದು ಬರುವುದೆಂದಾಯಿತು.

“ಯಾರು ದಬ್ಬತೀರಿ?” ಎಂದು ಗೌಸ ಕೂಗಿದನು.

ಹಿಂದೆ ತಿರುಗಿ ನೋಡಿದೆ. ಮೊದಲು ಬಂದು ಗಾಡಿಗೆ ಹೆಗಲು ಕೊಟ್ಟವಳು ಉಮಾಶ್ರೀ. ಅವಳ ಪಕ್ಕದಲ್ಲಿ ಹಾಜರಾಬಿ. ಅವರ ಹಿಂದೆ, ಅವತ್ತು ಜೋಳ ಚೆಲ್ಲಿಸಿಕೊಂಡ ನಾಲ್ವರು.

“ನೀ ಯಾಕವ್ವಾ?” ಎಂದು ಮಗಳನ್ನು ಕೇಳಿದೆ. “ಗಾಡಿ ನಿಂತ್ರ ನಿನಗ ಜಾಗಾ ಸಿಗತೈತಿ.”

“ಮುಂದ ನೋಡ್ರಿ ಅಪ್ಪಾ,” ಎಂದಳು.

ದಬ್ಬಿದರು. ಗಾಡಿ ಹತ್ತು ಹೆಜ್ಜೆ ಉರುಳಿತು. ಕ್ಲಚ್ ಬಿಟ್ಟೆ. ಬುಸ್ ಎಂದು ನಿಂತಿತು. ಎರಡನೆಯ ಸಲ ದಬ್ಬಿದರು. ಇಂಜಿನ್ ಕೆಮ್ಮಿ ನಿಂತಿತು. ಮೂರನೆಯ ಸಲಕ್ಕೆ ಹಾಜರಾಬಿ, “ಚನ್ನವ್ವಕ್ಕಾ, ಒಂದೀಟು ನೀನೂ ಕೈ ಹಚ್ಚು,” ಎಂದದ್ದು ನನಗೆ ಕೇಳಿಸಿತು. ಇಂಜಿನ್ ಹತ್ತಿಕೊಂಡಿತು. ನಾನು ಕ್ಲಚ್ ಒತ್ತಿ ಗಾಡಿ ನಿಲ್ಲಿಸಿದೆ. ಗೌಸ ಓಡಿಬಂದು ಲೋಟ ಬೋರಲು ಹಾಕಿ, ಮುಂದಿನ ಗಾಲಿಗಳ ಎದುರಿಗೆ ಒಂದೊಂದು ನಿಂಬೆಹಣ್ಣು ಇಟ್ಟನು. ನಾನು ಮೊದಲ ಗೇರ್ ಹಾಕಿ, ಕಣ್ಣುಮುಚ್ಚಿ ಶಿವನನ್ನು ನೆನೆದು ಕ್ಲಚ್ ಬಿಟ್ಟೆ. ಕಣ್ಣು ತೆರೆದಾಗ ಗಾಡಿ ಮುಂದಕ್ಕೆ ಹೋಗುತ್ತಿತ್ತು. ಎರಡೂ ನಿಂಬೆಹಣ್ಣು ಪಚ್ಚೆಂದು ಒಡೆದವು.

ಗಾಡಿ ನಡುಗಿತು. ಬಾಗಿಲು ನಡುಗಿತು, ಗಾಜು ನಡುಗಿತು, ನನ್ನ ಹಲ್ಲು ನಡುಗಿದವು. ಪಕ್ಕದ ಸೀಟಿನಲ್ಲಿ ಡಬ್ಬಿಯ ಮುಚ್ಚಳ ಬಿಡದೆ ಮಾತಾಡಿತು. ಗಾಡಿಯ ವೇಗ ಎಷ್ಟೆಂದರೆ ಹಾಜರಾಬಿ ನಡೆದುಕೊಂಡೇ ನಮ್ಮನ್ನು ಹಿಂದೆ ಹಾಕಿ, ನಿಂತು, ನಾವು ಬಂದ ಮೇಲೆ ಮತ್ತೆ ನಡೆದಳು. ಗುಡಿಯ ಏರಿನಲ್ಲಿ ಲೋಟದ ಸದ್ದು ನಿಧಾನವಾಯಿತು. ಟುಕ್. ಟುಕ್. ನನ್ನ ಎದೆಯೂ ಅದರ ಜೊತೆಗೆ ನಿಧಾನವಾಯಿತು. ಉಮಾಶ್ರೀ ಪಕ್ಕದಲ್ಲಿ ಓಡಿ ಬಂದಳು, ಆದರೆ ಗಾಡಿಗೆ ಕೈ ಹಚ್ಚಲಿಲ್ಲ. ಒಪ್ಪಂದದ ಪ್ರಕಾರ ಅದು ಇಂಜಿನ್ನಿನ ಬಲದಿಂದಲೇ ಮುಟ್ಟಬೇಕು. ಇಂಜಿನ್ ಬಿಡಲಿಲ್ಲ. ಕಲ್ಲಿಗೆ ಒದ್ದೆ ಜೋಳ ಬಿದ್ದಾಗ ಹೇಗೆ ಹಲ್ಲು ಕಚ್ಚಿ ಎಳೆಯುತ್ತಿತ್ತೋ ಹಾಗೆ ಎಳೆದು, ಬಸವಣ್ಣನ ಗುಡಿಯ ಮೆಟ್ಟಿಲಿನ ಮುಂದೆ ನನ್ನನ್ನು ನಿಲ್ಲಿಸಿತು.

ನಾನು ಇಳಿಯಲಿಲ್ಲ. ಇಳಿದರೆ ಇಂಜಿನ್ ನಿಂತೀತೆಂಬ ಭಯ. ಕೂತಲ್ಲಿಂದಲೇ ಕೈ ಮುಗಿದೆ. ಪಕ್ಕದ ಸೀಟಿಗೆ, “ಮುಟ್ಟಿದಿ ನೋಡು ಚನ್ನಬಸವ್ವಾ,” ಎಂದೆ.

ಅಯ್ಯನವರು ಹೊರಗೆ ಬಂದು ಕಿಟಕಿಯೊಳಗೆ ಬಗ್ಗಿ, ಡಬ್ಬಿಯ ಮುಚ್ಚಳ ತೆಗೆದು ನೋಡಿದರು.

“ಮಾಸ್ತರ, ಜ್ವಾಳ ತಂದೀರಲ್ಲ. ಚನ್ನಬಸವ್ವಾರು ಹಿಟ್ಟು ತರ್ತಿದ್ರು.”

“ಬೀಸಾಕ ಗಿರಣಿ ಇಲ್ಲಲ್ಲರಿ ಅಯ್ಯಾರ.”

ಅಯ್ಯನವರು ಗಾಡಿಯನ್ನು ಮುಂದಿನಿಂದ ಹಿಂದಿನವರೆಗೆ ನೋಡಿ, “ಮತ್ತ ಇದೇನು?” ಎಂದರು.

ಗೌಸ ನನ್ನನ್ನು ನೋಡಿದನು. ನಾನು ಬಂಪರಿನ ಮೇಲೆ ಚಾಚಿದ್ದ ಪಟ್ಟಾದ ಗಾಲಿಯನ್ನು ನೋಡಿದೆ.

ಗಾಡಿ ತಿರುಗಿಸಲು ಅಲ್ಲಿ ಜಾಗವಿರಲಿಲ್ಲ. ರಿವರ್ಸ್ ಗೇರ್ ಹಾಕಿದೆ. ದೇವರ ಸನ್ನಿಧಿಯಿಂದ ಬೆನ್ನು ಮಾಡದೆ ಹಿಂದೆ ಹಿಂದೆ ಸರಿಯುವುದು ನಮ್ಮ ಹಿರಿಯರ ಪದ್ಧತಿ. ಹಾಗೆ ಬಸವಣ್ಣನ ಮುಖ ನೋಡುತ್ತಲೇ ಇಳಿಜಾರಿನಲ್ಲಿ ಇಳಿದು ಮನೆಗೆ ಬಂದೆ. ಗೌಸ ಹೇಳಿದಂತೆ ಗಾಡಿಯ ಮೂಗು ಸರಿಯಾಗಿ ಶಟರಿನ ಎದುರಿಗೆ ಬರುವ ಹಾಗೆ ಕಟ್ಟೆಯ ಪಕ್ಕದಲ್ಲಿ ನಿಲ್ಲಿಸಿ, ಗೇರ್ ತೆಗೆದೆ. ಇಂಜಿನ್ ನಡೆಯುತ್ತಲೇ ಇತ್ತು. ಗೌಸ ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟನು.

ಗೂಟದಿಂದ ಪಟ್ಟಾ ಇಳಿಸಿದೆ. ಕೈಗೆ ಹಿಟ್ಟು ಹತ್ತಿತು. ಉಮಾಶ್ರೀ ಏನೋ ಹೇಳಲು ಬಾಯಿ ತೆರೆದಳು. “ತಡಿಯವ್ವಾ,” ಎಂದೆ. ಸೊಂಟದ ಮೇಲೆ ಕೈ ಇಟ್ಟುಕೊಂಡು ಒಂದು ಗಳಿಗೆ ನಿಂತೆ. ಇಂಜಿನ್ನಿನ ಗಾಲಿ ಯಾವ ಕಡೆ ತಿರುಗುತ್ತದೆ, ನೋಡಿದೆ. ಕಲ್ಲಿನ ಮೇಲಿನ ಗೀರುಗಳು ಯಾವ ಕಡೆ ಬಾಗಿವೆ, ನೋಡಿದೆ. ಆಮೇಲೆ ಗೌಸ ಇಂಜಿನ್ನಿನ ವೇಗ ತಗ್ಗಿಸಿ ಹಿಡಿದಾಗ, ಪಟ್ಟಾವನ್ನು ನಡುವೆ ತಿರುವಿ ಅಡ್ಡ ಹಾಕಿದೆ. ಕಲ್ಲು ತಿರುಗಿತು. ಸರಿಯಾದ ದಿಕ್ಕಿಗೆ ತಿರುಗಿತು. ಡಬ್ಬಿಯ ಜೋಳ ಸುರಿದೆ. ಬೆಚ್ಚಗಿನ ಹಿಟ್ಟು ಇಳಿಯಿತು.

ಹಾಜರಾಬಿ ಒಂದು ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿ ನೋಡಿದಳು. “ಅಕ್ಕನದಕ್ಕಿಂತ ಸ್ವಲ್ಪ ಉರುಟ,” ಎಂದಳು. “ಕಲೀತೀರಿ ಬಿಡ್ರಿ.”

ಮೊದಲ ಹಿಟ್ಟನ್ನು ನಾನೇ ಹೊತ್ತು ಗುಡಿಗೆ ನಡೆದು ಹೋಗಿ ಕೊಟ್ಟು ಬಂದೆ. ಬರುವಷ್ಟರಲ್ಲಿ ಕಟ್ಟೆಯ ಮೇಲೆ ಹನ್ನೊಂದು ಡಬ್ಬಿ ಪಾಳಿ ನಿಂತಿದ್ದವು.

ಈಗ ನಮ್ಮಲ್ಲಿ ಸೋಮವಾರ ಮತ್ತು ಗುರುವಾರ ಮುಂಜಾನೆ ಗಿರಣಿ. ಎಲ್ಲ ದಿನ ಸಂಜೆ ಅದೇ ಜಾಗದಲ್ಲಿ ಉಮಾಶ್ರೀಯ ಟ್ಯೂಷನ್. ಹುಡುಗಿಯರು ಬೀಸುವ ಕಲ್ಲಿನ ಮೇಲೆ ಪುಸ್ತಕ ಇಟ್ಟುಕೊಂಡು ಬರೆಯುತ್ತಾರೆ. ಅಡ್ಡ ಪಟ್ಟಾದ ಪಾಠ ಬಂದಾಗ ಅವಳು ಹಲಗೆಯ ಕಡೆಗೆ ತಿರುಗುವುದಿಲ್ಲ, ಗೂಟದ ಕಡೆಗೆ ತೋರಿಸುತ್ತಾಳೆ. ಗಿರಣಿಗೆ ಒಂದೇ ನಿಯಮ, ಅದನ್ನು ಹಾಜರಾಬಿ ಮಾಡಿದಳು. ಬೀಸುವ ಮುಂಚೆ ಗಾಡಿಯನ್ನು ದಬ್ಬಿ ಚಾಲೂ ಮಾಡಬೇಕಲ್ಲ, ಆದ್ದರಿಂದ ಡಬ್ಬಿ ಇಟ್ಟು ಹೋಗುವಂತಿಲ್ಲ. ಪಾಳಿಯಲ್ಲಿ ಇದ್ದವರು ಹೆಗಲು ಕೊಡಬೇಕು. ಡಬ್ಬಿಗಳ ಪಾಳಿ ಹೋಗಿ ಮನುಷ್ಯರ ಪಾಳಿ ಬಂತು. ಓಣಿಯ ಸುದ್ದಿಯೆಲ್ಲ ಈಗ ಅಲ್ಲೇ ಬೀಸುತ್ತದೆ.

ಕಳೆದ ಗುರುವಾರ ಕಾಲೇಜಿಗೆ ರಜೆಯಿತ್ತು. ಉಮಾಶ್ರೀ ಒಳಗಿನಿಂದ ನಮ್ಮ ಮನೆಯ ಡಬ್ಬಿ ತಂದು ನೇರವಾಗಿ ನನ್ನ ಕೈಗೆ ಕೊಡಲು ಬಂದಳು.

ಹಾಜರಾಬಿ ಅವಳ ಸೆರಗು ಹಿಡಿದು ನಿಲ್ಲಿಸಿದಳು. “ಎಲ್ಲಿಗೆ ನಡದಿ? ಮಾಸ್ತರ ಮಗಳಂತ ಮುಂದ ಬಿಡಾಂಗಿಲ್ಲ. ಹಿಂದ ಹೋಗು, ಪಾಳಿ ಹಚ್ಚು.”

“ನಿಮ್ಮ ಡಬ್ಬಿ ಹೆಂಗ ಮೊದಲ ಬಂತ್ರಿ ಖಾಲಾ?”

“ಅದನ್ನ ನಿಮ್ಮವ್ವನೂ ಕೇಳತಿದ್ಲು,” ಎಂದು ಹಾಜರಾಬಿ ತನ್ನ ಡಬ್ಬಿಯನ್ನು ನನ್ನ ಮುಂದೆ ಸರಿಸಿದಳು.